ಸಂಘದ ಸದಸ್ಯರ ಮಾಹಿತಿಯನ್ನು ಚಾಟ್‌ಜಿಪಿಟಿಗೆ ಹಾಕಬಹುದಾ? ದುಬಾರಿ ಸೆಕ್ಯುರಿಟಿ ಸಾಫ್ಟ್‌ವೇರ್ ಬೇಕಾ?

ನೀವು ಕಲಬುರಗಿಯಲ್ಲಿ ಪತ್ತಿನ ಸಹಕಾರ ಸಂಘ ನಡೆಸುತ್ತೀರಿ. ಸಾಲದ ನೋಟಿಸ್, ಸಭೆಯ ಠರಾವು ಬರೆಯಲು ಸಿಬ್ಬಂದಿ ಚಾಟ್‌ಜಿಪಿಟಿ ಬಳಸುತ್ತಿದ್ದಾರೆ, ಇದರಿಂದ ಅಪಾಯ ಇದೆಯಾ, ದೊಡ್ಡ ಸಾಫ್ಟ್‌ವೇರ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ನಾನು ಇಲ್ಲೇ ಗಂಜ್ ಕಡೆ ದಾಲ್ ಮಿಲ್, ಅಡತ್ ಅಂಗಡಿ, ನಿಮ್ಮಂಥ ಸಣ್ಣ ಸಂಘಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಸಾಫ್ಟ್‌ವೇರ್ ವಿಚಾರ ಆಮೇಲೆ. ಸದಸ್ಯರ ಆಧಾರ್, ಪಹಣಿ, ಪಾಸ್‌ಬುಕ್ ಫೋಟೋ ನಿಮ್ಮ ಕಚೇರಿಯಿಂದ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿವೆ ಎಂದು ಮೊದಲು ನೋಡಿ.

ಚಾಟ್‌ಜಿಪಿಟಿಯಂಥ ಎಐ ಬಳಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕದ್ದು ಬಳಸುತ್ತಾರೆ, ಆಗ ನಿಮಗೆ ಗೊತ್ತೂ ಆಗುವುದಿಲ್ಲ. 2023ರಲ್ಲಿ ಸ್ಯಾಮ್ಸಂಗ್ ಎಂಜಿನಿಯರುಗಳೇ ಕಂಪನಿಯ ಗುಟ್ಟಿನ ಕೋಡ್ ಅನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದರು. ನಿಮ್ಮ ಕ್ಲರ್ಕ್ ಸಾಲಗಾರರ ಪಟ್ಟಿ ಅಂಟಿಸಿದರೆ ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರುವುದಿಲ್ಲ, ಕೆಲಸ ಬೇಗ ಮುಗಿಯಲಿ ಅಂತ ಅಷ್ಟೇ. ಆದರೆ ಆ ಪಟ್ಟಿ ಬೇರೆಯವರ ಸರ್ವರ್‌ಗೆ ಹೋಯಿತು. ಉಚಿತ ಖಾತೆಯಲ್ಲಿ ಬರೆದದ್ದನ್ನು ಆ ಎಐಗೇ ತರಬೇತಿ ಕೊಡಲು ಬಳಸಬಹುದು. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ಒಳಗೆ ಅದನ್ನು ಆಫ್ ಮಾಡುವ ಗುಂಡಿ ಇದೆ, ಇವತ್ತೇ ಮಾಡಿಸಿ. ಮಾಡಿಸಿದ ಮೇಲೂ ಮಾಹಿತಿ ಹೊರಗೆ ಹೋಗುವುದು ತಪ್ಪುವುದಿಲ್ಲ ಅನ್ನುವುದು ನೆನಪಿರಲಿ.

ನಿಜ ಹೇಳಬೇಕೆಂದರೆ ನೋಟಿಸ್ ಬರೆಯಲು ಎಐಗೆ ಸದಸ್ಯರ ಹೆಸರೇ ಬೇಕಿಲ್ಲ. "3 ಕಂತು ಬಾಕಿ ಇರುವ ಸದಸ್ಯರಿಗೆ ಮರ್ಯಾದೆಯಿಂದ ಒಂದು ನೋಟಿಸ್ ಬರೆದುಕೊಡು, ಹೆಸರು, ಖಾತೆ ಸಂಖ್ಯೆ, ಮೊತ್ತದ ಜಾಗ ಖಾಲಿ ಬಿಡು" ಎಂದರೆ ಸಾಕು. ಆ ಖಾಲಿ ಜಾಗವನ್ನು ವರ್ಡ್‌ನ ಮೇಲ್ ಮರ್ಜ್‌ನಲ್ಲಿ ಎಕ್ಸೆಲ್ ಪಟ್ಟಿಯಿಂದ ತುಂಬಿಸಿ. ನೂರು ನೋಟಿಸ್ ಒಂದೇ ಸಲಕ್ಕೆ ತಯಾರಾಗುತ್ತವೆ, ಒಂದು ಹೆಸರೂ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. "ಒಂದ್ ಸಲ ಹಾಕಿದ್ರ ಏನಾಗ್ತದ್ರೀ ಸರ?" ಎಂದು ಕೇಳುವ ಸಿಬ್ಬಂದಿಗೆ ಬೈಯುವುದಕ್ಕಿಂತ ಹೀಗೆ ಬೇರೆ ದಾರಿ ತೋರಿಸುವುದು ಜಾಸ್ತಿ ಕೆಲಸ ಮಾಡುತ್ತದೆ.

ಎಐಗಿಂತ ದೊಡ್ಡ ಸೋರಿಕೆ ವಾಟ್ಸ್ಆಪ್. ಸದಸ್ಯರು ಆಧಾರ್ ಫೋಟೋ ಕ್ಲರ್ಕ್‌ನ ಸ್ವಂತ ಫೋನಿಗೆ ಕಳಿಸುತ್ತಾರೆ. ಅದು ಗ್ಯಾಲರಿಗೆ, ಬ್ಯಾಕಪ್ ಆನ್ ಇದ್ದರೆ ಅಲ್ಲಿಂದ ಅವರ ಗೂಗಲ್ ಫೋಟೋಸ್‌ಗೂ ಹೋಗುತ್ತದೆ. ಅವರು ಕೆಲಸ ಬಿಟ್ಟ ಮೇಲೂ ಅಲ್ಲೇ ಇರುತ್ತದೆ. ಸಂಘಕ್ಕೆ ಅಂತಲೇ ಒಂದು ಫೋನ್, ಒಂದು ನಂಬರ್ ಇಡಿ. ಪೂರ್ತಿ ಸಂಖ್ಯೆ ಅಗತ್ಯವಿಲ್ಲದ ಕಡೆ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ, ಆಧಾರ್ ಕೊಡುವ ಯುಐಡಿಎಐ ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಬ್ಯಾಂಕಿನ ಒಟಿಪಿ ಬರುವ ಫೋನಿಗೆ ಮಾತ್ರ ವಾಟ್ಸ್ಆಪ್ ಹಾಕಲೇಬೇಡಿ. ಮದುವೆ ಕಾರ್ಡ್, ಟ್ರಾಫಿಕ್ ಚಲನ್ ಎಂಬ ಹೆಸರಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬರುತ್ತವೆ. ಇನ್‌ಸ್ಟಾಲ್ ಮಾಡಿ ಅದು ಕೇಳುವ ಅನುಮತಿ ಕೊಟ್ಟರೆ ಫೋನಿಗೆ ಬರುವ ಮೆಸೇಜ್‌ಗಳನ್ನೆಲ್ಲ ಓದುತ್ತದೆ.

ಇನ್ನು ಕಳ್ಳರ ಕೈಯಲ್ಲಿರುವ ಎಐ. ನನಗೆ ನಿಜವಾಗಿ ಚಿಂತೆ ಇರುವುದು ಇದರದೇ. ಮೊದಲು ಮೋಸದ ಮೆಸೇಜ್‌ನ ಕನ್ನಡ ನೋಡಿದರೇ ಗೊತ್ತಾಗುತ್ತಿತ್ತು, ಅಷ್ಟು ತಪ್ಪು ಇರುತ್ತಿದ್ದವು. ಈಗ ತಪ್ಪಿಲ್ಲದ ಕನ್ನಡದಲ್ಲಿ ಬರೆಯುವುದು ಯಾರಿಗೂ ಕಷ್ಟವಲ್ಲ. ದನಿಯನ್ನೂ ನಕಲು ಮಾಡಬಹುದು, ಮುಖವನ್ನೂ ಮಾಡಬಹುದು. 2024ರಲ್ಲಿ ಅರೂಪ್ ಎಂಬ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಕಾಲ್‌ನಲ್ಲಿ ಮೇಲಧಿಕಾರಿಗಳನ್ನು ಕಂಡು, ಅವರ ಮಾತಿನಂತೆ ಹಣ ಕಳಿಸಿದರು. ಆ ಕಾಲ್‌ನಲ್ಲಿದ್ದ ಉಳಿದವರೆಲ್ಲ ನಕಲಿ. ಹೋದದ್ದು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್. ನಿಮ್ಮ ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ ಫೇಸ್‌ಬುಕ್‌ನಲ್ಲಿ ಇದ್ದರೆ ಅವರ ದನಿ ನಕಲು ಮಾಡಲು ಅಷ್ಟೇ ಸಾಕು.

ಇದಕ್ಕೆ ಉಪಾಯ ಹಳೆಯದೇ. ಒಬ್ಬರು ಎಂಟ್ರಿ ಮಾಡಬೇಕು, ಇನ್ನೊಬ್ಬರು ಪಾಸ್ ಮಾಡಬೇಕು. ಪಾಸ್‌ವರ್ಡ್ ಇಬ್ಬರಿಗೂ ಬೇರೆ ಬೇರೆ ಇರಲಿ. ಅರ್ಜೆಂಟ್ ಅಂತ ಯಾರೇ ಫೋನ್ ಮಾಡಿದರೂ ಇಟ್ಟುಬಿಡಿ, ನಿಮ್ಮ ಡೈರಿಯಲ್ಲಿರುವ ನಂಬರಿಗೆ ನೀವೇ ತಿರುಗಿ ಮಾಡಿ. ಇದನ್ನು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ. ಯಾಕೆಂದರೆ ಅಧ್ಯಕ್ಷರ ಫೋನ್ ಇಡುವ ಧೈರ್ಯ ಚಿಕ್ಕ ನೌಕರರಿಗೆ ಇರುವುದಿಲ್ಲ ಅಲ್ವಾ? ಠರಾವು ಇದ್ದರೆ ಅವರಿಗೆ ಆಸರೆ.

ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರನ್ನೂ ಒಂದು ಮಾತು ಕೇಳಿ: ಡೇಟಾ ಎಲ್ಲಿದೆ, ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಒಳಗೆ ಬರುವ ಪಾಸ್‌ವರ್ಡ್ ಯಾರ ಯಾರ ಹತ್ತಿರ ಇದೆ? ಅದನ್ನು ಸದಾ ತೆರೆದಿಡುವುದು ಬೇಡ, ರಿಪೇರಿ ಇದ್ದಾಗ ನೀವೇ ಆನ್ ಮಾಡಿ. 2024ರ ಜುಲೈನಲ್ಲಿ ಸಿ-ಎಡ್ಜ್ ಎಂಬ, ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ದಾಳಿ ಆದಾಗ, ಅದನ್ನು ನೆಚ್ಚಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತುಹೋಯಿತು. ಅವುಗಳಲ್ಲಿ ಸಹಕಾರಿ ಬ್ಯಾಂಕುಗಳೂ ಇದ್ದವು.

ಬ್ಯಾಕಪ್ ಬಗ್ಗೆ ಇಷ್ಟೇ: ಸದಾ ಕಂಪ್ಯೂಟರಿಗೆ ಚುಚ್ಚಿಟ್ಟ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ, ವೈರಸ್ ಅದನ್ನೂ ಲಾಕ್ ಮಾಡುತ್ತದೆ. ಎರಡು ಹಾರ್ಡ್ ಡಿಸ್ಕ್ ಇಟ್ಟುಕೊಂಡು ಅದಲು ಬದಲು ಮಾಡಿ, ಒಂದು ಯಾವಾಗಲೂ ತಿಜೋರಿಯಲ್ಲಿರಲಿ.

ಕಾನೂನೂ ಗೊತ್ತಿರಲಿ. ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿ. ಸರಿಯಾದ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸಬೇಕು ಎಂಬ ನಿರ್ದೇಶನ 2022ರಿಂದಲೇ ಇದೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕಳ್ಳರ ಖಾತೆ ದಾಟುವ ಮುಂಚೆ ತಡೆಯಲು ಇರುವುದು ಆ ಮೊದಲ ಕೆಲವು ಗಂಟೆಗಳಷ್ಟೇ.

ಇಷ್ಟೆಲ್ಲ ಆದ ಮೇಲೆ ಸಾಫ್ಟ್‌ವೇರ್. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ ನಿಮ್ಮಷ್ಟು ದೊಡ್ಡ ಕಚೇರಿಗೆ ಸಾಕು, ಅಪ್‌ಡೇಟ್ ನಿಲ್ಲಿಸಬಾರದು ಅಷ್ಟೇ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕೌಂಟರಿನಲ್ಲಿ ಅಂಥ ಹಳೆಯ ಕಂಪ್ಯೂಟರ್ ಇದ್ದರೆ ಸೆಕ್ಯುರಿಟಿಗೆ ಅಂತ ತೆಗೆದಿಟ್ಟ ಹಣವನ್ನು ಅದನ್ನು ಬದಲಿಸಲು ಬಳಸಿ. ಯಾವ ಮಾದರಿ, ಎಷ್ಟು ಕಂಪ್ಯೂಟರ್ ಇವೆ ಎಂದು ಕೆಳಗೆ ಬರೆದರೆ ಯಾವುದನ್ನು ವಿಂಡೋಸ್ 11ಕ್ಕೆ ಏರಿಸಬಹುದು, ಯಾವುದನ್ನು ಬದಲಿಸಬೇಕು ಎಂದು ಹೇಳುತ್ತೇನೆ.