ಆಕಳ ಹೊಟ್ಟೆ, ಕಡಲಾಮೆಯ ಹೊಟ್ಟೆ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

(ಉತ್ತರಿಸುವವರು: ನಿವೃತ್ತ ಪಶುವೈದ್ಯಾಧಿಕಾರಿ, ಬೀದರ್)

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ಶರಣು. ನಮ್ಮ ಕಾಲೇಜಿನಲ್ಲಿ ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಭಾಷಣ ಸ್ಪರ್ಧೆ ಇತ್ತು. ಇಲ್ಲಿ ಎಸೆದ ಕ್ಯಾರಿಬ್ಯಾಗ್ ಸಮುದ್ರಕ್ಕೆ ಹೋಗಿ ಆಮೆಗಳನ್ನು ಕೊಲ್ಲುತ್ತದೆ ಅಂತ ಎಲ್ಲರೂ ಹೇಳಿದರು. ನಮ್ಮೂರೆಲ್ಲಿ, ಸಮುದ್ರ ಎಲ್ಲಿ? ಇದು ನಿಜವಾ, ಇಲ್ಲಾ ಸುಮ್ನೆ ಹೇಳೋ ಮಾತಾ?
– ಬಿ.ಎಸ್ಸಿ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ದಾರಿಯಂತೂ ಇದೆ, ತಂಗಿ. ನಿಮ್ಮೂರ ಮಗ್ಗುಲಲ್ಲೇ ಹರಿಯುವ ಭೀಮಾ ಮುಂದೆ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ತೆಲಂಗಾಣ, ಆಂಧ್ರ ದಾಟಿ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕಲಬುರಗಿ ಕಡೆಯ ಕಾಗಿಣಾ ಕೂಡ ಭೀಮೆಗೇ ಬಂದು ಸೇರುವ ನದಿ. ನಮ್ಮ ಬೀದರಿನ ಮಾಂಜ್ರಾ ಗೋದಾವರಿಗೆ ಸೇರಿ ಅದೇ ಕೊಲ್ಲಿಗೆ ಹೋಗುತ್ತದೆ.

ಆದರೆ ದಾರಿ ಇದೆ ಅಂದ ಮಾತ್ರಕ್ಕೆ ಎಸೆದದ್ದೆಲ್ಲ ಸಮುದ್ರ ಮುಟ್ಟುವುದಿಲ್ಲ. ನಡುವೆ ಅಣೆಕಟ್ಟುಗಳಿವೆ: ಜುರಾಲಾ ಇದೆ, ಶ್ರೀಶೈಲ ಇದೆ, ನಾಗಾರ್ಜುನಸಾಗರ ಇದೆ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜ್ ಇದೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ನದಿಗಳಿಂದ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ ಸಮುದ್ರ ಸೇರುತ್ತದೆ. ಅದರಲ್ಲಿ ನೂರಕ್ಕೆ 80 ಪಾಲು ಬರುವುದು ಸಾವಿರಕ್ಕಿಂತ ಜಾಸ್ತಿ ನದಿಗಳಿಂದ. ಅವುಗಳಲ್ಲಿ ಕರಾವಳಿಯ ಊರುಗಳ ನಡುವೆ ಹರಿಯುವ ಚಿಕ್ಕ ಚಿಕ್ಕ ನದಿಗಳ ಪಾಲು ಬಹಳ. ನಮ್ಮಂಥ ಒಳನಾಡಿನ ಕಸ ಹೆಚ್ಚಾಗಿ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಭಾಷಣದಲ್ಲಿ ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಿನ್ನ ಹಾಗೆ ಯೋಚಿಸುವವರು ಉಳಿದ ಮಾತನ್ನೂ ನಂಬುವುದಿಲ್ಲ.

ಇನ್ನು ಪ್ರವಾಹದ ಮಾತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದು ನಿನಗೆ ನೆನಪಿರಬೇಕು. ನೀರು ಇಳಿದ ಮೇಲೆ ನಾನು ಜೇವರ್ಗಿ ಕಡೆ ಹೋಗಿದ್ದೆ. ಹೊಳೆ ದಂಡೆಯ ಜಾಲಿ ಗಿಡಗಳ ತುದಿಯವರೆಗೂ ಕ್ಯಾರಿಬ್ಯಾಗ್ ನೇತಾಡುತ್ತಿದ್ದವು. ಹಳೇ ಸೀರೆ, ಗೊಬ್ಬರದ ಚೀಲ, ಗುಟ್ಕಾ ಚೀಟಿ, ಎಲ್ಲ ಒಂದಕ್ಕೊಂದು ಸುತ್ತಿಕೊಂಡಿದ್ದವು. ಗಿಡಕ್ಕೆ ಸಿಕ್ಕಿದ್ದು ಅಷ್ಟು, ಸಿಗದೆ ಹೋದದ್ದು ಎಷ್ಟೋ. ಅಂಥ ನೀರಿಗೆ ಬ್ಯಾರೇಜಿನ ಗೇಟು ತೆರೆಯಲೇಬೇಕಾಗುತ್ತದೆ. ವರ್ಷಗಟ್ಟಲೆ ದಂಡೆಯಲ್ಲಿ ಬಿದ್ದದ್ದು ಆವತ್ತು ಎದ್ದು ಹೊರಡುತ್ತದೆ. ಕೃಷ್ಣೆ ಕಡಲಿಗೆ ಸೇರುವ ಆ ಕರಾವಳಿಯಲ್ಲೇ ಆಲಿವ್ ರಿಡ್ಲಿ ಅನ್ನುವ ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ.

ಪ್ರಶ್ನೆ: ಸಾಹೇಬರೇ, ನಾನು ಹೈನು ಮಾಡುವಾಕಿ. ತಿಮಿಂಗಿಲದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ದನ್ನು ಟಿ.ವಿ.ಯಲ್ಲಿ ನೋಡಿದೆ. ಅಷ್ಟು ದೊಡ್ಡ ಪ್ರಾಣಿಗೆ ತಿನ್ನೋದು ಯಾವುದು, ತಿನ್ನಬಾರದ್ದು ಯಾವುದು ಅಂತ ತಿಳಿಯೋದಿಲ್ಲವಾ?
– ಓದುಗರು, ಭಾಲ್ಕಿ

ಉತ್ತರ: ಅಕ್ಕಾ, ಇದಕ್ಕೆ ನಾನು ನಮ್ಮ ಆಕಳಿಂದಲೇ ಉತ್ತರ ಶುರು ಮಾಡುತ್ತೇನೆ. ಸರ್ವಿಸಿನಲ್ಲಿ ನಾನು ಕಣ್ಣಾರೆ ಕಂಡದ್ದು ಅದು.

ಹುಮನಾಬಾದ್ ಕಡೆಯ ರೈತರೊಬ್ಬರು ಒಂದು ದೇವಣಿ ಆಕಳನ್ನು ಹೊಡೆದುಕೊಂಡು ಬಂದಿದ್ದರು. "ಹೊಟ್ಟಿ ತುಂಬಿದಂಗೇ ಇರ್ತದ ಸಾಹೇಬ್ರ, ಆದ್ರ ಮೈ ಇಳೀಲಾಕತ್ತದ" ಅಂದರು. ಮೆಲುಕು ನಿಂತಿತ್ತು, ಹಾಲು ಬತ್ತಿತ್ತು. ಆಕಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿ, ಎಡಪಕ್ಕೆಯ ಗುಳಿಯಲ್ಲಿ ಕೂದಲು ಬೋಳಿಸಿ, ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೊಯ್ದೆವು. ದೊಡ್ಡ ಹೊಟ್ಟೆಯೊಳಗೆ ಕೈ ಹಾಕಿದರೆ ಮೇವಿನ ಬದಲು ಹಗ್ಗದಂಥದ್ದು ಸಿಕ್ಕಿತು. ಎಳೆದರೆ ಬರುವುದಿಲ್ಲ, ಅದರ ಹಿಂದೆ ಇನ್ನೊಂದು. ಬಕೆಟ್ ಬಕೆಟ್ ತೆಗೆದೆವು. ಕ್ಯಾರಿಬ್ಯಾಗ್, ಹಾಲಿನ ಪ್ಯಾಕೆಟ್, ಗೋಣಿದಾರ ಎಲ್ಲ ಹೆಣೆದುಕೊಂಡು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಲ್ಲದರ ಬಣ್ಣವೂ ಒಂದೇ, ಹಸಿರುಗಪ್ಪು. ನಡುವೆ ಒಂದು ಚೀಲಕ್ಕೆ ಯಾರೋ ಹಾಕಿದ ಗಂಟು ಹಾಗೇ ಇತ್ತು. ಗಂಟು ಬಿಚ್ಚಿದೆ. ಒಳಗೆ ಅನ್ನ ಅಂತ ಗುರುತು ಸಿಗುವಷ್ಟು ಏನೋ ಉಳಿದಿತ್ತು.

ಆ ಗಂಟಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಆಕಳು ಪ್ಲಾಸ್ಟಿಕ್ ತಿನ್ನಲು ಹೋಗಿರಲಿಲ್ಲ. ಅದಕ್ಕೆ ಬಂದದ್ದು ಉಪ್ಪು, ರೊಟ್ಟಿ, ಪಲ್ಯದ ವಾಸನೆ. ನಾವೇ ಮುಸುರೆಯನ್ನು ಚೀಲದಲ್ಲಿ ಕಟ್ಟಿ ಬೀದಿಗೆ ಇಟ್ಟಿರುತ್ತೇವೆ. ಆಕಳಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ನಾಲಿಗೆಯಲ್ಲಿ ಸುತ್ತಿ ಒಳಗೆಳೆದು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಆರಿಸಿ ತಿನ್ನುವ ಬಾಯಿ ಅದಲ್ಲ. ದೊಡ್ಡ ಹೊಟ್ಟೆಯಿಂದ ಮುಂದಕ್ಕೆ ಹೋಗುವ ಕಿಂಡಿ ಚಿಕ್ಕದು. ಮೆಲುಕಿನಲ್ಲಿ ಚೆನ್ನಾಗಿ ಅರೆದದ್ದು ಮಾತ್ರ ಆ ಕಿಂಡಿ ದಾಟುತ್ತದೆ. ಪ್ಲಾಸ್ಟಿಕ್ ಅಲ್ಲೇ ಉಳಿದು ಗಂಟಾಗುತ್ತದೆ.

ಕಡಲಲ್ಲೂ ನಡೆಯುವುದು ಇದೇ. ಪ್ಲಾಸ್ಟಿಕ್ ಕೆಲವು ವಾರ ಸಮುದ್ರದ ನೀರಿನಲ್ಲಿ ಬಿದ್ದಿದ್ದರೆ ಅದರ ಮೇಲೆ ಪಾಚಿ ಬೆಳೆಯುತ್ತದೆ. ಅದರಿಂದ ಡೈಮೀಥೈಲ್ ಸಲ್ಫೈಡ್ ಅನ್ನುವ ಗಂಧಕದ ವಾಸನೆ ಬರುತ್ತದೆ. ಎಷ್ಟೋ ಕಡಲಹಕ್ಕಿಗಳು ಈ ವಾಸನೆ ಹಿಡಿದೇ ಮೇವು ಹುಡುಕುತ್ತವೆ. ಇದು 2016ರ ಸಂಶೋಧನೆಯಲ್ಲಿ ಗೊತ್ತಾಯಿತು. 2020ರಲ್ಲಿ ಲಾಗರ್‌ಹೆಡ್ ಅನ್ನುವ ಕಡಲಾಮೆಗಳನ್ನು ಪರೀಕ್ಷಿಸಿದರು. ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ವಾಸನೆಗೂ ತಮ್ಮ ಆಹಾರದ ವಾಸನೆಗೂ ಅವು ಒಂದೇ ಥರ ತಲೆ ಎತ್ತಿದವು. ಇದಕ್ಕೆ ಪ್ರಾಣಿಯ ದಡ್ಡತನ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಲಕ್ಷಾಂತರ ವರ್ಷ ಆ ಮೂಗು ಸುಳ್ಳು ಹೇಳಿರಲಿಲ್ಲ.

ನುಂಗಿದ ಮೇಲಿನ ಕಥೆ ಇನ್ನೂ ಕಷ್ಟದ್ದು. ಕಡಲಾಮೆಯ ಗಂಟಲಿನ ಒಳಗೆ ಮುಳ್ಳಿನಂಥವು ಸಾಲಾಗಿವೆ, ಎಲ್ಲ ಹೊಟ್ಟೆಯ ಕಡೆಗೇ ಬಾಗಿರುತ್ತವೆ. ಜಾರುವ ಲೋಳೆಮೀನು, ಅಂದರೆ ಜೆಲ್ಲಿಫಿಶ್, ತಪ್ಪಿಸಿಕೊಳ್ಳದಿರಲಿ ಅಂತ ಈ ಏರ್ಪಾಡು. ಆದ್ದರಿಂದ ಒಮ್ಮೆ ಒಳಹೋದ ಚೀಲ ವಾಪಸ್ ಬರುವುದು ಬಹಳ ಕಷ್ಟ. ಕರುಳು ಕಟ್ಟಿಕೊಳ್ಳುತ್ತದೆ, ಗಾಳಿ ತುಂಬುತ್ತದೆ. ಆಮೆ ಮುಳುಗಲಾರದೆ ಮೇಲೇ ತೇಲುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಒಂದೇ ಒಂದು ಚೂರು ನುಂಗಿದರೂ ಆಮೆ ಸಾಯುವ ಸಂಭವ ನೂರಕ್ಕೆ 22. 14 ಚೂರು ನುಂಗಿದರೆ ನೂರಕ್ಕೆ 50.

ನೀವು ಟಿ.ವಿ.ಯಲ್ಲಿ ನೋಡಿದ ತಿಮಿಂಗಿಲ ಯಾವುದೋ, ಆದರೆ 2019ರ ಮಾರ್ಚಿನಲ್ಲಿ ಫಿಲಿಪ್ಪೀನ್ಸ್ ದಡಕ್ಕೆ ಬಂದು ಸತ್ತ ಒಂದರ ಹೊಟ್ಟೆಯಲ್ಲಿ ಸುಮಾರು 40 ಕೆ.ಜಿ. ಪ್ಲಾಸ್ಟಿಕ್ ಇತ್ತು. ಅಕ್ಕಿ ತುಂಬುವ ಚೀಲಗಳೇ 16 ಇದ್ದವು. ಆ ಜಾತಿಯ ತಿಮಿಂಗಿಲ ಬೆಳಕೇ ಇಲ್ಲದ ಆಳದಲ್ಲಿ, ತಾನು ಮಾಡಿದ ಸದ್ದು ಎಲ್ಲಿಂದ ಮರಳಿ ಬರುತ್ತದೆ ಅಂತ ಕೇಳಿಸಿಕೊಂಡು ಬೇಟೆಯಾಡುತ್ತದೆ. ತೇಲುವ ಚೀಲಕ್ಕೆ ಬಡಿದೂ ಸದ್ದು ಮರಳುತ್ತದೆ. ಮಿಡ್‌ವೇ ದ್ವೀಪದ ಆಲ್ಬಟ್ರಾಸ್ ಹಕ್ಕಿಗಳದ್ದು ನನಗೆ ಎಲ್ಲಕ್ಕಿಂತ ಸಂಕಟ ತರುವ ವಿಷಯ. ತಾಯಿ ಸಮುದ್ರದ ಮೇಲೆ ದಿನಗಟ್ಟಲೆ ಹಾರಿ, ಬಾಟಲಿ ಮುಚ್ಚಳ, ಸಿಗರೇಟ್ ಲೈಟರ್ ಹೆಕ್ಕಿ ತಂದು ಮರಿಯ ಬಾಯಿಗೆ ತುತ್ತು ಇಡುತ್ತದೆ.

ಒಂದು ವಿನಂತಿ, ಅಕ್ಕಾ. ನಿಮ್ಮ ಓಣಿಯವರಿಗೆ ಹೇಳಿ, ಉಳಿದ ಅನ್ನ, ರೊಟ್ಟಿ, ತರಕಾರಿ ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಇಡುವುದು ಬೇಡ. ಮುಸುರೆ ಬಾನಿಗೆ ಸುರಿಯಲಿ, ಇಲ್ಲಾ ಹಸಿ ಕಸದ ಡಬ್ಬಿಗೆ ಬಿಡಿಯಾಗಿ ಹಾಕಲಿ. ಚೀಲ ಬೇರೆ ಇರಲಿ. ಇಷ್ಟು ಮಾಡಿದರೆ ನಮ್ಮ ದನಗಳು ಎಷ್ಟೋ ಉಳಿಯುತ್ತವೆ.

ಪ್ರಶ್ನೆ: ಸಮುದ್ರದಲ್ಲಿ ಪ್ಲಾಸ್ಟಿಕ್ಕಿನ ದ್ವೀಪ ಇದೆಯಂತೆ, ಅದರ ಮೇಲೆ ನಡೆಯಬಹುದಾ?
– 8ನೇ ತರಗತಿ, ಶಹಾಪುರ

ಉತ್ತರ: ಇಲ್ಲ ತಮ್ಮಾ, ಕಾಲಿಟ್ಟರೆ ನೀರಿಗೇ ಬೀಳುತ್ತೀಯ. ನೀನು ಕೇಳಿದ್ದು ಪೆಸಿಫಿಕ್ ಸಾಗರದ ಕಸದ ಹರಹು. 2018ರ ಅಧ್ಯಯನದ ಪ್ರಕಾರ ಅದು 16 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಎಂಟು ಪಟ್ಟು. ಅಷ್ಟರಲ್ಲಿ ಇರುವ ಪ್ಲಾಸ್ಟಿಕ್ ಸುಮಾರು 79,000 ಟನ್. ಭಾಗಿಸಿ ನೋಡು, ಒಂದು ಚದರ ಕಿಲೋಮೀಟರಿಗೆ 50 ಕೆ.ಜಿ. ಸಹ ಬರುವುದಿಲ್ಲ. ತೆಳ್ಳಗೆ ಹರಡಿಕೊಂಡಿರುವುದರಿಂದಲೇ ಅದನ್ನು ಬಳಿದು ತೆಗೆಯುವುದು ಕಷ್ಟ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೀನುಗಾರರ ಬಲೆ. ಹರಿದು ಬಿಟ್ಟುಹೋದ ಬಲೆ ಯಾರೂ ಇಲ್ಲದಿದ್ದರೂ ಹಿಡಿಯುತ್ತಲೇ ಇರುತ್ತದೆ. ಆಮೆಗೆ ನಮ್ಮ ಹಾಗೆ ಶ್ವಾಸಕೋಶ. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಉಸಿರುಕಟ್ಟಿ ಸಾಯುತ್ತದೆ.

ಪ್ರಶ್ನೆ: ನನ್ನದು ಕಿರಾಣಿ ಅಂಗಡಿ. ಈಗ "ಬಯೋಡಿಗ್ರೇಡಬಲ್", ಅಂದರೆ ತಾನಾಗಿ ಕೊಳೆತು ಹೋಗುವಂಥದ್ದು, ಅಂತ ಬರೆದ ಚೀಲ ಬಂದಿವೆ. ಇವನ್ನು ಕೊಟ್ಟರೆ ಆಯ್ತಲ್ಲ?
– ವ್ಯಾಪಾರಸ್ಥರು, ಜೇವರ್ಗಿ

ಉತ್ತರ: ಆಗುವುದಿಲ್ಲ, ಅಣ್ಣಾವ್ರೇ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇಂಥ ಚೀಲಗಳನ್ನು ಮಣ್ಣಿನಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ 3 ವರ್ಷ ಬಿಟ್ಟರು. 2019ರಲ್ಲಿ ಫಲಿತಾಂಶ ಹೇಳಿದರು. "ಬಯೋಡಿಗ್ರೇಡಬಲ್" ಅಂತ ಬರೆದಿದ್ದ ಚೀಲ 3 ವರ್ಷದ ಮೇಲೂ ಸಾಮಾನು ತುಂಬಿ ಒಯ್ಯುವಷ್ಟು ಗಟ್ಟಿ ಇತ್ತು. "ಕಂಪೋಸ್ಟಬಲ್", ಅಂದರೆ ಕೊಳೆತು ಗೊಬ್ಬರವಾಗಲಿ ಅಂತ ಮಾಡಿದ ಚೀಲ, ಬೇರೆ ಜಾತಿ. ಅದು ಸಮುದ್ರದಲ್ಲಿ 3 ತಿಂಗಳಲ್ಲಿ ಕಾಣದಾಯಿತು, ಮಣ್ಣಿನಲ್ಲಿ ಮಾತ್ರ ಎರಡು ವರ್ಷ ದಾಟಿದರೂ ಉಳಿದಿತ್ತು. ಬೀದಿಯಲ್ಲಿ ಬಿದ್ದರೆ ಅಷ್ಟರೊಳಗೆ ದನದ ಹೊಟ್ಟೆ ಸೇರುತ್ತದೆ.

ಕಾನೂನಿನ ಮಾತು ಹೇಳುವುದಾದರೆ, ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ 2016ರಿಂದಲೇ ನಿಷೇಧ ಇದೆ. ಕಂಪೋಸ್ಟಬಲ್ ಚೀಲ ಇಡುವುದಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಇರುವ ಕಂಪನಿಯದ್ದೇ ಆಗಿರಬೇಕು. ಹೋಲ್‌ಸೇಲ್‌ನವರು ಮಾತಿನಲ್ಲಿ ಹೇಳಿದರೆ ಸಾಲದು, ಚೀಲದ ಮೇಲೆ ಅಚ್ಚಾಗಿರುವ ಹೆಸರು, ನಂಬರ್ ನೋಡಿ ತಗೊಳ್ಳಿ. ಬೇಳೆ, ಸಕ್ಕರೆಗೆ ಮೊದಲಿನ ಹಾಗೆ ಕಾಗದದ ಪೊಟ್ಟಣ ಸಾಕು. ಎಣ್ಣೆಗೆ ಗಿರಾಕಿಗಳಿಗೆ ಡಬ್ಬಿ ತರಲು ಹೇಳಿ. ಚೀಲ ಮರೆತು ಬಂದವರಿಗೆ ಕೊಡಲು ಹತ್ತಿಪ್ಪತ್ತು ಬಟ್ಟೆ ಚೀಲ ಹೊಲಿಸಿಡಿ, ಠೇವಣಿ ಇಟ್ಟುಕೊಂಡು ಕೊಡಿ. ವಾಪಸ್ ತಂದಾಗ ದುಡ್ಡು ಮರಳಿಸಿ.