ಡಿಸ್ಕ್ ತೆಗೆದ ಮೇಲೆ ಎಮರ್ಜೆನ್ಸಿ ಮೋಡ್: ರೀಇನ್‌ಸ್ಟಾಲ್ ಬೇಡ

ನಮಸ್ಕಾರ. ಎರಡನೇ ಹಾರ್ಡ್ ಡಿಸ್ಕ್ ಬಿಚ್ಚಿದ ಮೇಲೆ ಉಬುಂಟು ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ (ಪೂರ್ತಿ ಶುರುವಾಗದೆ ರಿಪೇರಿಗೆಂದು ನಿಲ್ಲುವ ಸ್ಥಿತಿಗೆ) ಹೋಗ್ತಿದೆ, ಮತ್ತೆ ಇನ್‌ಸ್ಟಾಲ್ ಮಾಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ಇದು ಒಂದೇ ಸಾಲಿನ ಕೆಲಸ.

ಆ 90 ಸೆಕೆಂಡೇ ಸುಳಿವು. ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ (/etc/fstab) ಫೈಲಿನಲ್ಲಿ, ಅಂದರೆ ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಲ್ಲಿ, ಹಳೇ ಡಿಸ್ಕಿನ ಸಾಲು ಹಾಗೇ ಉಳಿದಿರುತ್ತದೆ. ಇಲ್ಲದ ಡಿಸ್ಕಿಗಾಗಿ ಬೂಟ್ ನಡೆಸುವ ಸಿಸ್ಟಮ್‌ಡಿ ಅಷ್ಟು ಹೊತ್ತು ಕಾದು, ಆಮೇಲೆ ಬೂಟ್ ನಿಲ್ಲಿಸಿಬಿಡುತ್ತದೆ.

ರೂಟ್ ಶೆಲ್ (ಅಡ್ಮಿನ್ ಆಗಿ ಕಮಾಂಡ್ ಕೊಡುವ ಪರದೆ) ಬಂದಾಗ ನ್ಯಾನೋ ಎಡಿಟರಿನಲ್ಲಿ ಆ ಫೈಲ್ ತೆರೆಯಿರಿ. ಹಳೇ ಡಿಸ್ಕಿನ ಸಾಲಿನ ಶುರುವಿಗೆ ಹ್ಯಾಶ್ ಗುರುತು (#) ಹಾಕಿ, ಆಗ ಸಿಸ್ಟಮ್ ಆ ಸಾಲನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಅಳಿಸಬೇಡಿ, ಮುಂದೆ ಬೇಕಾಗಬಹುದು. ಸೇವ್ ಆಗದಿದ್ದರೆ ರೂಟ್ ಪಾರ್ಟಿಷನ್ (ಉಬುಂಟು ಇರುವ ಡಿಸ್ಕ್ ಭಾಗ) ರೀಡ್ ಓನ್ಲಿ, ಅಂದರೆ ಬರೆಯಲಾಗದ ಹಾಗೆ ಆಗಿದೆ ಅಂತ. ಅದನ್ನು ರೀಡ್-ರೈಟ್ ಆಗಿ ರೀಮೌಂಟ್ ಮಾಡಿ (ಬರೆಯಲು ಬರುವಂತೆ ಮತ್ತೆ ಜೋಡಿಸಿ), ಮತ್ತೆ ಸೇವ್ ಮಾಡಿ ರೀಬೂಟ್ ಕೊಡಿ.

ಮುಂದೆ ಇನ್ನೊಂದು ಡಿಸ್ಕ್ ಹಾಕಿದಾಗ ಆ ಫೈಲಿನಲ್ಲಿ ಎಸ್‌ಡಿಬಿ1 (sdb1) ಥರದ ಡಿಸ್ಕ್ ಹೆಸರು ಬರೆಯಬೇಡಿ. ಆ ಹೆಸರು ಬೂಟಿನಿಂದ ಬೂಟಿಗೆ ಬದಲಾಗಬಹುದು. ನಾನೂ ಹಾಗೆ ಬರೆದು ಒಂದಿಡೀ ಭಾನುವಾರ ಒದ್ದಾಡಿದ್ದೇನೆ. ಬಿಎಲ್‌ಕೆಐಡಿ (blkid) ಕಮಾಂಡ್ ತೋರಿಸುವ ಯುಯುಐಡಿಯನ್ನೇ (ಆ ಡಿಸ್ಕ್ ಭಾಗದ ಸ್ವಂತ ಗುರುತು ಸಂಖ್ಯೆ) ಹಾಕಿ. ಆ ಸಾಲಿನ ಆಪ್ಷನ್‌ಗಳ ಜೊತೆ ನೋಫೇಲ್ (nofail) ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ರೂಟ್ ಸಾಲಿಗೆ ಮಾತ್ರ ಕೈ ಹಚ್ಚಬೇಡಿ. ಫೈಲ್ ತಿದ್ದಿದ ಮೇಲೆ ಫೈಂಡ್‌ಮೌಂಟ್ ಕಮಾಂಡಿಗೆ ವೆರಿಫೈ ಆಪ್ಷನ್ (findmnt --verify) ಕೊಟ್ಟು ನೋಡಿ, ತಪ್ಪಿದ್ದರೆ ರೀಬೂಟಿಗೆ ಮೊದಲೇ ಹೇಳುತ್ತದೆ.

ಆಗಲೂ ಸರಿ ಹೋಗದಿದ್ದರೆ ಎಫ್‌ಎಸ್‌ಟ್ಯಾಬ್ ಫೈಲಿನ ಫೋಟೋ ಇಲ್ಲೇ ಹಾಕಿ, ನೋಡ್ತೀನಿ.