ಹತ್ತು ಹಳೇ ವಿಮಾನ ನೋಡೋಕೆ ಮೈಸೂರಿನಿಂದ ಬೆಂಗಳೂರಿಗೆ ಹೋಗಬೇಕೆ?

ಎಂಟನೇ ಕ್ಲಾಸಿನ ನಿಮ್ಮ ಮಗನಿಗೆ ವಿಮಾನ ಅಂದರೆ ಪ್ರಾಣ. ಮೈಸೂರಿನಿಂದ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಮ್ಯೂಸಿಯಂಗೆ ಕರೆದುಕೊಂಡು ಹೋಗೋಣ ಅಂದರೆ, ಒಂದು ಗಂಟೆಯಲ್ಲಿ ಮುಗಿದುಹೋಗುತ್ತೆ ಅಂತ ಯಾರೋ ಹೇಳಿದ್ದಾರೆ, ಇಡೀ ದಿನ ಇಡೋದು ದಂಡವಾ ಅಂತ ಕೇಳಿದ್ದೀರಿ.

ದಂಡ ಆಗೋದಿಲ್ಲ, ಧೈರ್ಯವಾಗಿ ಹೋಗಿ. ಹೊರಗೆ ನಿಲ್ಲಿಸಿರುವ ವಿಮಾನಗಳ ಮುಂದೆ ಫೋಟೊ ತೆಗೆಸಿಕೊಂಡು ಬರೋದಾದರೆ ಒಂದು ಗಂಟೆ ಸಾಕು ನಿಜ. ಎಂಜಿನ್‌ಗಳಿರುವ ಹಾಲ್‌ನಲ್ಲಿ ನಿಂತು ನೋಡಿದರೆ ಮಾತ್ರ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನಮಗೆ ಆಗಿದ್ದು ಹಾಗೆ.

ನಾವು ಮಂಡ್ಯದವರು. ನಾನು, ಏಳನೇ ಕ್ಲಾಸಿನ ಮಗಳು, ಜೊತೆಗೆ ನಮ್ಮಪ್ಪ. ಅಪ್ಪ ನಲವತ್ತು ವರ್ಷ ಕುಲುಮೆ ನಡೆಸಿದವರು. ನೇಗಿಲ ಗುಳ, ಕುಡುಗೋಲು, ಕಬ್ಬು ಕಡಿಯೋ ಮಚ್ಚು, ಎಲ್ಲಾ ಅವರ ಕೈಯಲ್ಲೇ ಆಗುತ್ತಿತ್ತು. ಮೊಮ್ಮಗಳ ಜೊತೆಗಿರಬಹುದು ಅಂತ ಬಂದರೇ ಹೊರತು ಅವರಿಗೆ ವಿಮಾನದ ಆಸೆಯೇನೂ ಇರಲಿಲ್ಲ.

ಆ ಹಾಲ್‌ನಲ್ಲಿ ಹಲಸಿನಹಣ್ಣು ಸೀಳಿದ ಹಾಗೆ ಎಂಜಿನ್‌ಗಳನ್ನು ಉದ್ದಕ್ಕೆ ಕೊಯ್ದು ಇಟ್ಟಿದ್ದಾರೆ. ಮುಂದೆ ಸಾಲು ಸಾಲು ಅಲಗಿನ ಚಕ್ರಗಳು, ಹಿಂದಕ್ಕೆ ಹೋದ ಹಾಗೆ ಅಲಗು ಗಿಡ್ಡ. ಒಳಗೆ ಎಳೆದುಕೊಂಡ ಗಾಳಿ ಅಲ್ಲಿ ಒತ್ತೊತ್ತಾಗಿ ಬಿಗಿಯಾಗುತ್ತದೆ. ನಡುವೆ ಬೆಂಕಿಯ ಕೋಣೆ. ಅದರ ಹಿಂದೆ ಇನ್ನೊಂದು ಚಕ್ರ, ಟರ್ಬೈನು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇದು ನಮ್ ತಿದಿನೇ ಕನವ್ವ, ಬೆಂಕಿಗೆ ಗಾಳಿ ಊದೋದು" ಅಂದರು.

"ತಿದಿ ಒತ್ತೋರು ಯಾರು ತಾತ?"

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೂ ಹೋಗಿರುವ ದಪ್ಪ ಸರಳನ್ನು ಗಾಳಿಯಲ್ಲೇ ಬೆರಳಾಡಿಸಿ ಹಿಂಬಾಲಿಸಿದರು. ಆಮೇಲೆ, "ಆಳು ಬೇಡ ಕನವ್ವ. ಬೆಂಕಿನೇ ತನ್ನ ತಿದಿ ತಾನೇ ಒತ್ಕತದೆ."

ಜೆಟ್ ಎಂಜಿನ್ ಅಂದರೆ ಇಷ್ಟೇ. ಉರಿದ ಗಾಳಿ ಹಿಂದಿನ ಚಕ್ರವನ್ನು ತಿರುಗಿಸುತ್ತೆ, ಅದೇ ಸರಳಿಗೆ ಕಟ್ಟಿದ ಮುಂದಿನ ಚಕ್ರಗಳು ಇನ್ನಷ್ಟು ಗಾಳಿ ಊದುತ್ತವೆ, ಉಳಿದ ರಭಸ ಹಿಂದಕ್ಕೆ ನುಗ್ಗಿ ವಿಮಾನವನ್ನು ಮುಂದಕ್ಕೆ ತಳ್ಳುತ್ತೆ. ನಾನು ಡಿಪ್ಲೊಮಾದಲ್ಲಿ ಓದಿ ಪಾಸಾಗಿದ್ದ ಪಾಠ ಅದು. ಅಪ್ಪನ ಬಾಯಲ್ಲಿ ಕೇಳಿದ ಮೇಲೆ ಮನಸ್ಸಿಗೆ ಹತ್ತಿತು.

ಇದನ್ನು ತಲೆಯಲ್ಲಿಟ್ಟುಕೊಂಡೇ ಹೊರಗೆ ಹೋಗಿ ಮಾರುತ್ ಮುಂದೆ ನಿಲ್ಲಿ. ನಮ್ಮ ದೇಶದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ, ಎಚ್‌ಎಫ್-24. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಕೂತು ಮಾಡಿದ ವಿನ್ಯಾಸ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಮೈಕಟ್ಟು ನೋಡಿದರೆ ಶಬ್ದದ ವೇಗವನ್ನು ಸಲೀಸಾಗಿ ಮೀರುವ ಹಾಗಿದೆ, ಮಾಡಿದ್ದೂ ಅದಕ್ಕೇ. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಬ್ರಿಟನ್ನಿನ ಆರ್ಫಿಯಸ್ ಎಂಜಿನ್ ಎರಡನ್ನು ಹಾಕಿ ಹಾರಿಸಿದರು, ಬಲ ಸಾಲಲಿಲ್ಲ. ಹಾಗಿದ್ದೂ 147 ವಿಮಾನ ಕಟ್ಟಿದರು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಚೆನ್ನಾಗಿ ಕೆಲಸ ಮಾಡಿದವು. ಅಪ್ಪ ಅದರ ಮೈಯನ್ನೇ ನೋಡುತ್ತಾ, "ಎತ್ತು ಬಲವಾಗಿದೆ, ಉಸಿರು ಸಾಲ್ದು" ಅಂದರು. ನನಗೆ ನಿಜವಾಗಿಯೂ ಕರುಳು ಚುರುಕ್ ಅಂದಿತು.

ಮಿಗ್-21, ಅಜೀತ್, ಕಿರಣ್, ಎಚ್‌ಟಿ-2 ಕೂಡ ಇವೆ. ಎಚ್‌ಟಿ-2 ಪುಟ್ಟದು ಅಂತ ದಾಟಿ ಹೋಗಬೇಡಿ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ನಮ್ಮವರೇ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ತರಬೇತಿ ವಿಮಾನ ಅದು. ಸಿಮ್ಯುಲೇಟರ್ ಮಕ್ಕಳಿಗೆ ಖುಷಿ ಕೊಡುತ್ತೆ, ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೂರಿಸಿದರೆ ಮಿಕ್ಕಿದ್ದು ಯಾವುದೂ ಮಗನಿಗೆ ಕಾಣಿಸಲ್ಲ.

ಇನ್ನೊಂದು ಹಾಲ್‌ನಲ್ಲಿ 1940ರಿಂದ ಈಚೆಗಿನ ಫೋಟೊಗಳಿವೆ. ಮೈಸೂರಿನವರಾದ ನೀವು ಅಲ್ಲಿ ನಿಧಾನವಾಗಿ ನಡೀಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಈ ಕಾರ್ಖಾನೆ ಶುರು ಮಾಡಿದಾಗ ಪಾಲುದಾರರಾಗಿ ನಿಂತದ್ದು ಮೈಸೂರು ಸಂಸ್ಥಾನ. ಜಯಚಾಮರಾಜ ಒಡೆಯರ್ ಆಗಷ್ಟೇ ಪಟ್ಟಕ್ಕೆ ಬಂದಿದ್ದರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನ 25 ಲಕ್ಷ ರೂಪಾಯಿ ಹಾಕಿ ಜಾಗವನ್ನೂ ಕೊಟ್ಟಿತು. ಕಾರ್ಖಾನೆಗೆ ಕರೆಂಟೂ ಬೇಕಲ್ಲ, 1905ರಿಂದ ಬೆಂಗಳೂರಿಗೆ ಅದು ಹೋಗುತ್ತಿದ್ದದ್ದು ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಅಂತ ನಾನು ಹೇಳಿದಾಗ ಅಪ್ಪ ಪಕ್ಕದಲ್ಲಿದ್ದ ಗುರುತಿಲ್ಲದವರಿಗೂ ಅದನ್ನು ಹೇಳಿದರು.

ಹೋಗೋದು ಸುಲಭ. ಬೆಳಗಿನ ರೈಲಿಗೆ ಹೊರಟು ಬೆಂಗಳೂರು ಸ್ಟೇಷನ್ನಿನಲ್ಲಿ ಇಳಿದು, ನೇರಳೆ ಮೆಟ್ರೊದಲ್ಲಿ ಬೈಯಪ್ಪನಹಳ್ಳಿವರೆಗೆ ಹೋಗಿ, ಅಲ್ಲಿಂದ ಆಟೊ ಮಾಡಿ. ಸುರಂಜನ್ ದಾಸ್ ರಸ್ತೆಯಲ್ಲೇ ಹೋಗಲು ಹೇಳಿ. ಮಾರುತ್‌ನ ಮೊದಲ ಹಾರಾಟ ನಡೆಸಿದ ಪೈಲಟ್ ಆ ಸುರಂಜನ್ ದಾಸರೇ. 1970ರಲ್ಲಿ, ಎಂಜಿನ್ ಬಲ ಹೆಚ್ಚಿಸಿದ ಮಾರುತ್ ಒಂದನ್ನು ಪರೀಕ್ಷಿಸುವಾಗಲೇ ತೀರಿಕೊಂಡರು. ಮಗನಿಗೆ ಆ ಬೋರ್ಡು ತೋರಿಸಿ. ರಜೆಯ ದಿನ, ಸಮಯ ಮಾತ್ರ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ವಾಪಸ್ ಬರುವಾಗ ರೈಲಿನಲ್ಲಿ ಮಗಳು ಕೇಳಿದಳು, "ಈಗಿನ ವಿಮಾನಕ್ಕಾದರೂ ಎಂಜಿನ್ ನಮ್ಮದೇನಾ ಅಮ್ಮ?" 2001ರಲ್ಲಿ ಮೊದಲು ಹಾರಿದ ತೇಜಸ್‌ನ ಒಳಗಿರುವುದೂ ಅಮೆರಿಕದ ಎಂಜಿನ್ ಅಂತ ಹೇಳಬೇಕಾಯಿತು. ಲೋಹವೇ ಕರಗುವಷ್ಟು ಬಿಸಿಗಾಳಿಯ ನಡುವೆ ಟರ್ಬೈನಿನ ಅಲಗು ಕರಗದೆ ತಿರುಗುತ್ತಿರಬೇಕು, ಕಷ್ಟ ಇರುವುದು ಅಲ್ಲೇ ಅಂದಾಗ ಅಪ್ಪ ತಲೆಯಾಡಿಸಿದರು, ಕಾವು ಅಂದರೇನು ಅಂತ ಅವರಿಗೆ ಗೊತ್ತು. ತೇಜಸ್‌ಗಾಗಿ ಬೆಂಗಳೂರಿನಲ್ಲೇ ಒಂದು ಎಂಜಿನ್ ಮಾಡಲು ಹೊರಟಿದ್ದರು, ಆ ವಿಮಾನಕ್ಕೆ ಅದು ಒದಗಲಿಲ್ಲ, ಅದರ ಕೆಲಸ ಮಾತ್ರ ಬಿಟ್ಟಿಲ್ಲ. ನಾವು ಮಂಡ್ಯದಲ್ಲಿ ಇಳಿದುಬಿಟ್ಟೆವು. ನೀವು ಮುಂದೆ ಶ್ರೀರಂಗಪಟ್ಟಣದ ಸೇತುವೆ ದಾಟುತ್ತೀರಲ್ಲ, ಆಗ ಮಗನಿಗೆ ಕಿಟಕಿಯಿಂದ ಹೊಳೆ ತೋರಿಸಿ. ಆ ಎಂಜಿನ್ನಿನ ಹೆಸರು ಕಾವೇರಿ.